ಕೋಲಾರ ಸೀಮೆಯ ಅಶಕ್ತರ ಚರಿತ್ರೆ

ಚರಿತ್ರೆಯೆಂದೊಡನೆ ಅರಸರ ವಂಶಾವಳಿಯೂ ಕೋಟೆಕೊತ್ತಲಗಳ ವೃತ್ತಾಂತವೂ ನೆನಪಿಗೆ ಬರುವುದು ಲೋಕರೂಢಿ. ಆ ಬಗೆಯ ಚರಿತ್ರೆಗೆ ಕೋಲಾರ ಸೀಮೆಯಲ್ಲಿ ಕೊರತೆಯಿಲ್ಲ. ಕುವಳಾಲವೆಂಬ ಹೆಸರಿನಿಂದ ಗಂಗ ಅರಸರಿಗೆ ರಾಜಧಾನಿಯಾಗಿದ್ದ ಪಟ್ಟಣವೇ ಈಗಣ ಕೋಲಾರ. ಮೂಡಲ ದಿಕ್ಕಿಗೆ ಬಾಗಿಲಾಗಿದ್ದುದರಿಂದ ಮುಳಬಾಗಿಲಿಗೆ ಆ ಹೆಸರು ಬಂದಿತು. ಪಾಪನಪಲ್ಲಿಯೆಂದು ಕರೆಯಿಸಿಕೊಳ್ಳುತ್ತಿದ್ದ ಊರು ದಿವಾನ್ ಪೂರ್ಣಯ್ಯನವರ ಮಗನ ಹೆಸರಿನಿಂದ ಶ್ರೀನಿವಾಸಪುರವಾಯಿತು. ಇವೆಲ್ಲವೂ ಗ್ರಂಥಸ್ಥವಾಗಿರುವ ಸಂಗತಿಗಳು. ಆದರೆ ಅದೇ ಊರುಗಳಲ್ಲಿ ಕಣ್ಣು ಕಾಣದೆಯೂ, ಕಾಲು ನಡೆಯದೆಯೂ, ಬೆನ್ನು ಬಾಗಿಯೂ ಬಾಳಿದ ಜನರಿಗೆ ಶಾಸನವನ್ನು ಹಾಕಿಸಿದವರು ಯಾರೂ ಇಲ್ಲ. ಹಾಗೆಂದು ಅವರಿಗೆ ಚರಿತ್ರೆಯೇ ಇಲ್ಲವೆಂದು ತಿಳಿಯಬಾರದು. ಅದು ಬರಗಾಲದ ಲೆಕ್ಕಪುಸ್ತಕಗಳಲ್ಲಿಯೂ, ಗಣಿಯ ವೈದ್ಯರ ವರದಿಗಳಲ್ಲಿಯೂ, ನೀರನ್ನು ಪರೀಕ್ಷಿಸಿದವರ ಕೋಷ್ಟಕಗಳಲ್ಲಿಯೂ ಚದುರಿ ಬಿದ್ದಿದೆ. ಅದನ್ನು ಒಂದೆಡೆ ಸೇರಿಸಿ ನೋಡಿದಲ್ಲಿ, ದೇಹದ ಅಶಕ್ತತೆಯೂ ಮನೆಯ ಬಡತನವೂ ಒಂದನ್ನೊಂದು ಹೇಗೆ ಬೆಳೆಯಿಸುತ್ತ ಬಂದಿವೆಯೆಂಬುದು ಸ್ಪಷ್ಟವಾಗುವುದು.

ಈ ಸೀಮೆಯ ಸುಖದುಃಖಗಳಿಗೆಲ್ಲ ಮೂಲವಾದುದು ನೀರು. ಇಲ್ಲಿ ವರುಷಕ್ಕೆ ಬೀಳುವ ಮಳೆ ಸರಾಸರಿಯಲ್ಲಿ ಮೂವತ್ತು ಅಂಗುಲಕ್ಕೆ ಮೀರದು. ಅದೂ ಕಾಲಕ್ಕೆ ಸರಿಯಾಗಿ ಬರುವುದೆಂಬ ಭರವಸೆಯಿಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಹುಟ್ಟುವುದು ಈ ಕಡೆಯಲ್ಲಿಯೇ ಆದರೂ, ಅವು ಹುಟ್ಟಿದೆಡೆಯಲ್ಲಿ ಹಳ್ಳಗಳಾಗಿದ್ದು ಪರದೇಶಕ್ಕೆ ಹೋದ ಮೇಲೆ ನದಿಗಳೆನಿಸಿಕೊಳ್ಳುತ್ತವೆ. ಆದುದರಿಂದ ಹಿಂದಿನವರು ಹಳ್ಳಕ್ಕೆ ಅಡ್ಡಲಾಗಿ ಏರಿಯನ್ನು ಹಾಕಿ, ಒಂದು ಕೆರೆಯ ಕೋಡಿಯ ನೀರು ಮತ್ತೊಂದಕ್ಕೆ ಹರಿಯುವಂತೆ ಸಾವಿರಾರು ಕೆರೆಗಳನ್ನು ಸರಪಣಿಯಾಗಿ ಕಟ್ಟಿದರು. ಪಾಲಾರ್ ಕಣಿವೆಯಲ್ಲಿ ಹೊಸ ಕೆರೆಗೆ ಎಡೆಯೇ ಇಲ್ಲದಷ್ಟು ಕೆರೆಗಳಿದ್ದುವು. ೧೮೯೨ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳಿಗೆ ಆದ ಒಪ್ಪಂದದ ಪಟ್ಟಿಯಲ್ಲಿ ಈ ನದಿಗಳೂ ಸೇರಿದುದರಿಂದ, ಮೇಲಿನವರು ಕೆಳಗಿನವರ ಸಮ್ಮತಿಯಿಲ್ಲದೆ ಹೊಸ ಅಣೆಕಟ್ಟುಗಳನ್ನು ಕಟ್ಟುವ ಮಾರ್ಗವೂ ಮುಚ್ಚಿತು. ಕೆರೆ ತುಂಬಿದ ವರುಷ ಅನ್ನ, ತುಂಬದ ವರುಷ ಉಪವಾಸ ಎಂಬುದೇ ಇಲ್ಲಿಯ ಅರ್ಥಶಾಸ್ತ್ರವಾಗಿದ್ದಿತು.

ಆ ಕಾಲದ ಗ್ರಾಮವ್ಯವಸ್ಥೆಯಲ್ಲಿ ಊರಿನ ಕೆಲಸಗಾರರಿಗೆ ಕಣದಲ್ಲಿ ರಾಶಿಯಿಂದ ಆಯವನ್ನು ಕೊಡುವ ಪದ್ಧತಿಯಿದ್ದಿತು. ಕೆರೆಯ ತೂಬನ್ನು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರಗಂಟಿ, ಊರ ಕಾವಲಿನ ತಳವಾರ, ತೋಟಿ, ಕಮ್ಮಾರ, ಕುಂಬಾರ ಮೊದಲಾದವರ ಪಾಲು ಹೋದ ಬಳಿಕ, ಭಿಕ್ಷುಕರಿಗೂ ಗತಿಯಿಲ್ಲದವರಿಗೂ ಮೊರದಷ್ಟು ರಾಗಿ ಸಲ್ಲುತ್ತಿದ್ದಿತು. ಇದನ್ನು ಸ್ಮರಿಸಿ, ಹಿಂದೆ ಅಶಕ್ತರೆಲ್ಲರೂ ಸುಖವಾಗಿದ್ದರೆಂದು ಹೇಳುವವರುಂಟು. ಆ ಮಾತು ಅರ್ಧ ಮಾತ್ರ ನಿಜ. ಆ ಮೊರದ ರಾಗಿ ಹಕ್ಕಲ್ಲ, ಕೊಡುವವನ ಮನಸ್ಸಿಗೆ ಸೇರಿದ್ದು. ಅದಲ್ಲದೆ ಜಾತಿಯ ಗೆರೆಯನ್ನು ದಾಟಿ ಅದು ಬಹುದೂರ ಹೋಗುತ್ತಿರಲಿಲ್ಲ. ಕುಲೀನರ ಮನೆಯ ಕುರುಡನಿಗೆ ಮನೆಯ ಮೂಲೆಯಲ್ಲಿ ಚಾಪೆಯೂ ಊಟವೂ ಇದ್ದುವು. ಊರ ಹೊರಗಣ ಕೇರಿಯಲ್ಲಿ ದುಡಿಯುವ ಕೈ ಸೋತಿತೆಂದರೆ ಆ ಮನೆಯ ಒಲೆಯೇ ಆರುತ್ತಿದ್ದಿತು. ತಂದೆಯ ದೇಹ ಬಿದ್ದುಹೋದಾಗ ಸಾಲಕ್ಕೆ ಈಡಾಗಿ ಮಗನನ್ನು ಜೀತಕ್ಕಿಡುವುದು ಆ ಕೇರಿಗಳಲ್ಲಿ ತಲೆಮಾರುಗಳವರೆಗೆ ನಡೆದುಬಂದಿತು. ಜೀತಪದ್ಧತಿಯು ಶಾಸನದಿಂದ ರದ್ದಾದುದು ೧೯೭೬ರಲ್ಲಿ. ಒಬ್ಬನ ಅಂಗವೈಕಲ್ಯವು ಮತ್ತೊಬ್ಬನ ದಾಸ್ಯವಾಗಿ ಇಳಿದುಬರುತ್ತಿದ್ದ ಈ ಕ್ರಮವನ್ನು ಮರೆತು ಗ್ರಾಮದ ದಯೆಯನ್ನು ಹೊಗಳುವುದು ಚರಿತ್ರೆಗೆ ಸಲ್ಲದು.

ಈ ದಯೆಯ ಬಲವೆಷ್ಟೆಂಬುದು ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಒರೆಗೆ ಹತ್ತಿತು. ೧೮೭೫ರಲ್ಲಿಯೇ ಬೆಳೆ ಅರೆಯಾಯಿತು. ೧೮೭೬ರಲ್ಲಿ ಮಳೆ ಕೈಬಿಟ್ಟಿತು. ೧೮೭೭ರ ಮುಂಗಾರೂ ಹುಸಿಯಾಯಿತು. ದುರ್ಭಿಕ್ಷದಲ್ಲಿ ಅಧಿಕಮಾಸವೆಂಬಂತೆ ಮದರಾಸಿನ ಸೀಮೆಯಲ್ಲಿಯೂ ಅದೇ ಕಾಲಕ್ಕೆ ಬರ ಬಿದ್ದುದರಿಂದ ಹೊರಗಿನ ಧಾನ್ಯಕ್ಕೆ ಬೆಲೆ ಏರಿತು. ೧೮೬೪ರಿಂದಲೇ ಮಾಲೂರಿನ ಮಾರ್ಗವಾಗಿ ಬೆಂಗಳೂರಿಗೆ ರೈಲುದಾರಿಯಿದ್ದಿತು. ಧಾನ್ಯವೂ ಆ ದಾರಿಯಲ್ಲಿ ಬಂದಿತು. ಆದರೆ ರೈಲು ಧಾನ್ಯವನ್ನು ತರಬಲ್ಲುದೇ ಹೊರತು ಕೊಳ್ಳುವುದಕ್ಕೆ ಹಣವನ್ನು ತರಲಾರದಷ್ಟೆ. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ೧೮೮೧ರಲ್ಲಿ ಅದು ೪೧,೮೬,೧೮೮. ಕೋಲಾರ ಜಿಲ್ಲೆಯೊಂದರಲ್ಲಿಯೇ ಸುಮಾರು ೬ ಲಕ್ಷ ೧೯ ಸಾವಿರವಿದ್ದವರು ೪ ಲಕ್ಷ ೬೧ ಸಾವಿರಕ್ಕೆ ಇಳಿದರು. ನಾಲ್ವರಲ್ಲಿ ಒಬ್ಬರು ಸತ್ತರು ಅಥವಾ ಊರುಬಿಟ್ಟರು ಎಂದರೆ ಆ ದುರಂತದ ಪ್ರಮಾಣವು ವಾಚಕರ ಮನಸ್ಸಿಗೆ ಬಂದೀತು.

ಬರದಲ್ಲಿ ಮೊದಲು ಬಿದ್ದವರು ಯಾರು? ಗಟ್ಟಿಮುಟ್ಟಾದವನು ಗಂಟುಕಟ್ಟಿಕೊಂಡು ಗಂಜಿ ಬೇಯುವ ಊರಿಗೆ ನಡೆದನು. ನಡೆಯಲಾರದವರು ಹಿಂದುಳಿದರು. ಸರ್ಕಾರದವರು ನಡೆಯಿಸಿದ ಪರಿಹಾರಕ್ಕೂ ಎರಡು ಕವಲುಗಳಿದ್ದುವು: ದುಡಿಯಬಲ್ಲವರಿಗೆ ರಸ್ತೆ, ಕೆರೆ, ರೈಲುದಾರಿಗಳ ಕೂಲಿ, ದುಡಿಯಲಾರದವರಿಗೆ ಗಂಜಿಯ ಮನೆ. ೧೮೭೭ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿಟ್ಟನ್ ಪ್ರಭುಗಳು ಮೈಸೂರಿಗೆ ಬಂದುಹೋದ ಮೇಲೆ, ಕ್ಷಾಮದ ಕಮಿಷನರಾಗಿ ನೇಮಕವಾದ ಎಲಿಯಟ್ ಎಂಬುವರ ಕೈಕೆಳಗೆ, ಗಂಜಿಮನೆಗಳಲ್ಲಿದ್ದ ಜನರನ್ನು ಸಾಧ್ಯವಾದಷ್ಟು ಕೆಲಸಗಳಿಗೆ ಕಳುಹಿಸುವ ನೀತಿ ಬಲಗೊಂಡಿತು. ಬೊಕ್ಕಸವನ್ನು ನೋಡಿದರೆ ಅದಕ್ಕೆ ಕಾರಣವಿದ್ದಿತು. ಮನುಷ್ಯನನ್ನು ನೋಡಿದರೆ ತೊಡಕಿದ್ದಿತು. ಹಸಿವಿನಿಂದ ಸೊರಗಿದವನು ಕೆಲಸಕ್ಕೆ ತಕ್ಕವನೋ ಅಲ್ಲವೋ ಎಂಬುದನ್ನು ಅಧಿಕಾರಿಯ ಒಂದು ನೋಟ ತೀರ್ಮಾನಿಸಬೇಕಾಗಿದ್ದಿತು. ಆ ನೋಟದಲ್ಲಿ ತಪ್ಪಿದರೆ ಅದನ್ನು ತಿದ್ದುವುದಕ್ಕೆ ಮರುದಿನವೆಂಬುದು ಇರುತ್ತಿರಲಿಲ್ಲ.

ಈ ಮಹಾಕ್ಷಾಮದ ಫಲವಾಗಿ ೧೮೮೦ರಲ್ಲಿ ಕ್ಷಾಮ ಕಮಿಷನ್ನಿನ ವರದಿ ಬಂದು, ೧೮೮೩ರಲ್ಲಿ ಕ್ಷಾಮಸಂಹಿತೆಯ ಮಾದರಿ ಹೊರಟಿತು. ಅದನ್ನು ಅನುಸರಿಸಿ ಪ್ರಾಂತಗಳಲ್ಲಿ ಸಂಹಿತೆಗಳು ರಚಿತವಾದುವು. ಕುರುಡರು, ಹೆಳವರು, ಬುದ್ಧಿವಿಕಲರು, ವೃದ್ಧಾಪ್ಯದಿಂದಲೋ ದೌರ್ಬಲ್ಯದಿಂದಲೋ ದುಡಿಯಲಾರದವರು ಎಂದು ಹೆಸರಿಸಿ, ಕೆಲಸವನ್ನು ಕೇಳದೆಯೇ ಅವರಿಗೆ ಧರ್ಮಾರ್ಥವಾಗಿ ಅನ್ನವನ್ನು ಕೊಡತಕ್ಕದ್ದೆಂದು ಅವುಗಳಲ್ಲಿ ವಿಧಿಸಲಾಯಿತು. ಅಶಕ್ತನಿಗೆ ಅನ್ನ ಕೊಡುವುದು ಸರ್ಕಾರದ ಕರ್ತವ್ಯವೆಂದು ಬರವಣಿಗೆಯಲ್ಲಿ ಒಪ್ಪಿದುದು ಸಣ್ಣ ಸಂಗತಿಯಲ್ಲ. ಆದರೆ ಆ ಕರ್ತವ್ಯವು ಬರ ಘೋಷಿತವಾದ ದಿನ ಹುಟ್ಟಿ, ಮಳೆ ಬಂದ ದಿನ ಸಾಯುತ್ತಿದ್ದಿತು. ಮಳೆ ಬಂದರೆ ರೈತನಿಗೆ ಬರ ನೀಗುವುದು. ಕುರುಡನಿಗೆ ಯಾವ ಮಳೆಯಿಂದ ಕಣ್ಣು ಬಂದೀತು? ಬರ ಹೋದ ಮೇಲೂ ಕೋಲಾರದಲ್ಲಿ ಉಳಿದುದು ಖಾಸಗಿಯವರ ಆಶ್ರಯ. ಮಿಸ್ ಆನ್‌ಸ್ಟೇ ಎಂಬ ಆಂಗ್ಲ ಮಹಿಳೆ ಕ್ಷಾಮಕಾಲದ ತಬ್ಬಲಿ ಮಕ್ಕಳಿಗಾಗಿ ಇಲ್ಲಿ ಅನಾಥಾಶ್ರಮವನ್ನು ನಡೆಯಿಸಿದಳು. ೧೮೯೦ರಲ್ಲಿ ಅದು ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ವಶಕ್ಕೆ ಹೋಯಿತು. ಅದೇ ಮಿಷನ್ನಿನ ಎಲೆನ್ ತೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯು ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಬಡರೋಗಿಗಳಿಗೆ ಆಸರೆಯಾಯಿತು.

ಅಶಕ್ತರಿಗೆ ಅನ್ನವಲ್ಲದೆ ವಿದ್ಯೆಯೂ ಸಲ್ಲಬೇಕೆಂಬ ಭಾವನೆಯು ಸಂಸ್ಥಾನದಲ್ಲಿ ತಲೆಯೆತ್ತಿದುದು ೧೯೦೧ರಲ್ಲಿ, ಮೈಸೂರು ನಗರದಲ್ಲಿ ಕಿವುಡರಿಗೂ ಕುರುಡರಿಗೂ ಪಾಠಶಾಲೆಯು ಹುಟ್ಟಿದಾಗ. ಎಂ. ಶ್ರೀನಿವಾಸರಾಯರ ಪರಿಶ್ರಮದಿಂದ ನಡೆದುಬಂದ ಆ ಶಾಲೆಯು ಕಾಣದವನು ಓದಬಲ್ಲನೆಂದೂ, ಕೇಳದವನು ಕಲಿಯಬಲ್ಲನೆಂದೂ ತೋರಿಸಿಕೊಟ್ಟಿತು. ಆದರೆ ಶ್ರೀನಿವಾಸಪುರದ ಕೂಲಿಕಾರನಿಗೆ ಮೈಸೂರು ಕಾಶಿಯಷ್ಟೇ ದೂರ. ಮಗುವನ್ನು ಅಷ್ಟು ದೂರ ಬಿಟ್ಟುಬರುವ ಖರ್ಚು, ಧೈರ್ಯ, ತಿಳಿವಳಿಕೆ ಮೂರೂ ಉಳ್ಳವರಿಗೆ ಮಾತ್ರ ಆ ಬಾಗಿಲು ತೆರೆದಿದ್ದಿತು.

ಇತ್ತ ಕೋಲಾರ ಜಿಲ್ಲೆಯಲ್ಲಿಯೇ ಅಂಗಹೀನರನ್ನು ಹೊಸದಾಗಿ ಉಂಟುಮಾಡುವ ಒಂದು ಉದ್ಯಮವು ಬೆಳೆದಿದ್ದಿತು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ ಚಿನ್ನದ ಗಣಿಯಲ್ಲಿ, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯೂ ಬಂದು, ಭೂಮಿಯನ್ನು ಮೂರು ಕಿಲೋಮೀಟರಿಗೂ ಆಳವಾಗಿ ಕೊರೆಯಲಾಯಿತು. ಬರಕ್ಕೆ ಹೆದರಿದ ಸುತ್ತಣ ಜಿಲ್ಲೆಗಳ ಬಡವರು, ಅದರಲ್ಲಿಯೂ ತಮಿಳು ಮತ್ತು ತೆಲುಗು ನಾಡುಗಳ ದಲಿತರು, ತಿಂಗಳ ಕೂಲಿಯನ್ನು ನಂಬಿ ಆ ಬಿಲಗಳಿಗೆ ಇಳಿದರು. ಬೆಣಚುಕಲ್ಲನ್ನು ಕೊರೆಯುವಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಅದನ್ನು ಕಲ್ಲಾಗಿಸುವುದಕ್ಕೆ ಸಿಲಿಕೋಸಿಸ್ ಎಂದು ಹೆಸರು. ೧೯೪೦ರ ದಶಕದಲ್ಲಿ ಕ್ಯಾಪ್ಲನ್ ಮೊದಲಾದ ವೈದ್ಯರು ಏಳು ಸಾವಿರಕ್ಕೂ ಮೇಲ್ಪಟ್ಟ ಗಣಿಗಾರರನ್ನು ಪರೀಕ್ಷಿಸಿ ೧೯೪೭ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ವ್ಯಾಧಿಯಿದ್ದಿತು. ಹೊರಗಿನಿಂದ ಕೈಕಾಲು ಸರಿಯಾಗಿದ್ದು, ಹತ್ತು ಹೆಜ್ಜೆ ನಡೆದರೆ ಉಸಿರು ಕಟ್ಟುವ ಈ ಮನುಷ್ಯನನ್ನು ಹೆಳವನೆಂದು ಕರೆಯುವವರಿಲ್ಲ. ಆದರೆ ಕೂಲಿಗೆ ಕರೆಯುವವರೂ ಇಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಮಾಲೂರಿನ ಟೇಕಲ್ ಕಡೆಯ ಕಲ್ಲುಕುಟಿಗರ ಉಳಿಯ ಕೆಳಗೆ ಏಳುವುದೂ ಅದೇ ಜಾತಿಯ ಧೂಳೇ. ಅಲ್ಲಿ ಗಣಿಯ ಆಸ್ಪತ್ರೆಯಂಥದೂ ಇಲ್ಲ, ಹಾಜರಿಪುಸ್ತಕವೂ ಇಲ್ಲ.

ಇನ್ನು ಎಲ್ಲಕ್ಕೂ ವ್ಯಾಪಕವಾದ, ಎಲ್ಲಕ್ಕೂ ಮೌನವಾದ ಪ್ರಕರಣವನ್ನು ಹೇಳಬೇಕಾಗಿದೆ. ೧೯೭೦ರ ದಶಕದಿಂದೀಚೆಗೆ ಯಂತ್ರದಿಂದ ಬಂಡೆಯನ್ನು ಕೊರೆದು ಕೊಳವೆಬಾವಿಗಳನ್ನು ತೋಡುವ ಪದ್ಧತಿ ಹಬ್ಬಿತು. ಕೆರೆಯ ಹಂಗಿಲ್ಲದೆ, ಮಳೆಯ ಹಂಗಿಲ್ಲದೆ ನೀರು ದೊರೆತುದನ್ನು ಕಂಡು ಜನರು ಹಿಗ್ಗಿದರು. ರೇಷ್ಮೆ, ಟೊಮಾಟೊ, ತರಕಾರಿಗಳು ಬೆಳೆದುವು; ಕೆರೆಗಳಲ್ಲಿ ಹೂಳು ತುಂಬಿತು, ನೀಲಗಿರಿಯ ತೋಪುಗಳು ಎದ್ದುವು. ಮೊದಲು ಇನ್ನೂರು ಅಡಿಗೆ ಸಿಕ್ಕುತ್ತಿದ್ದ ನೀರು ಕ್ರಮೇಣ ಸಾವಿರ ಅಡಿಗೂ ಕೆಳಗೆ ಇಳಿಯಿತು. ಆಳದ ಗ್ರಾನೈಟ್ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಆ ಬಂಡೆಯ ಫ್ಲೋರೈಡ್ ಎಂಬ ಲವಣವನ್ನು ತನ್ನಲ್ಲಿ ಕರಗಿಸಿಕೊಳ್ಳುವುದು. ಕುಡಿಯುವ ನೀರಿನಲ್ಲಿ ಈ ಲವಣವು ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದೆಂದೂ, ಬೇರೆ ಗತಿಯಿಲ್ಲದ ಪಕ್ಷದಲ್ಲಿ ಒಂದೂವರೆಯವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಆ ಎಲ್ಲೆಯನ್ನು ಮೀರಿದ ನೀರಿನ ಹಳ್ಳಿಗಳು ಪರೀಕ್ಷೆಗಳಲ್ಲಿ ಕಂಡುಬಂದಿವೆ.

ಈ ವ್ಯಾಧಿಯು ಹೊಸದಲ್ಲ. ಮದರಾಸು ಪ್ರಾಂತದ ನೆಲ್ಲೂರಿನ ಕಡೆಯಲ್ಲಿ ಜನರ ಬೆನ್ನೂ ಕತ್ತೂ ಮರಗಟ್ಟಿರುವುದನ್ನು ಕಂಡು, ಅದಕ್ಕೆ ನೀರಿನ ಫ್ಲೋರೈಡೇ ಕಾರಣವೆಂದು ಶಾರ್ಟ್ ಮೊದಲಾದ ವೈದ್ಯರು ೧೯೩೭ರಲ್ಲಿಯೇ ಬರೆದಿದ್ದರು. ಮಕ್ಕಳಲ್ಲಿ, ಹಲ್ಲು ಮೂಡುವ ವಯಸ್ಸಿನಲ್ಲಿ ಈ ನೀರನ್ನು ಕುಡಿದರೆ ಹಲ್ಲಿನ ಮೇಲೆ ಹಳದಿಯ, ಕಂದಿನ ಪಟ್ಟೆಗಳು ಬೀಳುತ್ತವೆ. ಅವು ತೊಳೆದರೆ ಹೋಗವು. ವರುಷಗಟ್ಟಲೆ ಕುಡಿದರೆ ಕೀಲುಗಳಲ್ಲಿ ನೋವು ಹುಟ್ಟಿ, ಎಲುಬನ್ನು ಬಿಗಿದ ನಾರುಗಳು ಗಟ್ಟಿಯಾಗಿ, ಬೆನ್ನು ಬಾಗಿ, ಕತ್ತು ತಿರುಗದಂತಾಗುವುದು. ನೆಲದ ಮೇಲೆ ಕುಕ್ಕರಿಸಿ ಕೂರಲಾಗದವನು ಕಳೆ ಕೀಳಲಾರ, ನಾಟಿ ಹಾಕಲಾರ. ಎಲುಬಿಗೆ ಇಳಿದ ಈ ವಿಕಾರವನ್ನು ಹಿಂದಿರುಗಿಸುವ ಔಷಧವಿಲ್ಲ. ನೀರನ್ನು ಬದಲಾಯಿಸುವುದೊಂದೇ ಉಪಾಯ. ನೀರನ್ನು ಕಾಯಿಸಿದರೆ ಸಾಕೆಂದು ನಂಬಿದವರೂ ಉಂಟು. ಕಾಯಿಸುವುದರಿಂದ ಕ್ರಿಮಿಗಳು ಸಾಯುವುವು ನಿಜ. ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುವುದು. ಮಳೆಯ ನೀರಿನಲ್ಲಿಯಾದರೋ ಈ ದೋಷವು ಬಹುಮಟ್ಟಿಗೆ ಇಲ್ಲ.

ಊರಿಗೆಲ್ಲ ಒಂದೇ ನೀರಾದರೆ ವ್ಯಾಧಿಯೂ ಸಮನಾಗಿರಬೇಕಷ್ಟೆ ಎಂದು ಕೇಳಬಹುದು. ಹಾಗಾಗುವುದಿಲ್ಲ. ಹಾಲು, ಮೊಸರು, ಸೊಪ್ಪು ಉಂಡು ಸುಣ್ಣದ ಅಂಶ ತುಂಬಿದ ದೇಹಕ್ಕೆ ತಟ್ಟುವುದಕ್ಕಿಂತ ಅರೆಹೊಟ್ಟೆಯ ದೇಹಕ್ಕೆ ಈ ವಿಷವು ಹೆಚ್ಚು ತಟ್ಟುವುದು. ಬಿಸಿಲಿನಲ್ಲಿ ದುಡಿಯುವವನು ನೆರಳಿನಲ್ಲಿ ಕುಳಿತವನಿಗಿಂತ ಎರಡು ಪಾಲು ನೀರು ಕುಡಿಯುವನು. ಸೀಮೆಯ ಹಳೆಯ ಆಹಾರವಾದ ರಾಗಿಯಲ್ಲಿ ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಅಂಶವಿದೆ. ನಯಮಾಡಿದ ಅಕ್ಕಿಯಲ್ಲಿ ಅದರ ಅತ್ಯಲ್ಪ ಭಾಗವೂ ಇಲ್ಲ. ಹಣವುಳ್ಳವರು ಮನೆಯಲ್ಲಿಯೇ ಶೋಧಕಯಂತ್ರವನ್ನಿಟ್ಟುಕೊಂಡರು. ಸರ್ಕಾರದವರು ಹಳ್ಳಿಗಳಲ್ಲಿ ಶುದ್ಧನೀರಿನ ಘಟಕಗಳನ್ನು ಸ್ಥಾಪಿಸಿ, ನಾಣ್ಯವನ್ನು ಹಾಕಿದರೆ ಇಪ್ಪತ್ತು ಲೀಟರ್ ನೀರು ಬರುವಂತೆ ಏರ್ಪಡಿಸಿದರು. ಇದು ನಿಜವಾಗಿಯೂ ಉಪಕಾರ. ಆದರೆ ಇಪ್ಪತ್ತು ಲೀಟರಿನ ಕ್ಯಾನು ಇಪ್ಪತ್ತು ಕಿಲೋ ತೂಕ. ಹಳೆಯ ನೀರಿನಿಂದ ಬೆನ್ನು ಬಾಗಿದವನು ಹೊಸ ನೀರನ್ನು ಹೊತ್ತು ತರಲಾರ. ಯಾರಿಗೆ ಆ ನೀರು ಎಲ್ಲರಿಗಿಂತ ಮೊದಲು ಬೇಕಾಗಿದ್ದಿತೋ ಅವರಿಗೆ ಅದು ಎಲ್ಲರಿಗಿಂತ ಕಡೆಯಲ್ಲಿ ದೊರೆಯುವುದು.

ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನರು ಅಂಗವಿಕಲರ ಬಡತನಕ್ಕೆ ಎರಡು ಮುಖಗಳನ್ನು ತೋರಿಸಿದ್ದಾರೆ: ಒಂದು, ಗಳಿಸುವುದರಲ್ಲಿ ಬರುವ ತೊಡಕು, ಎರಡು, ಗಳಿಸಿದುದನ್ನು ಸುಖವಾಗಿ ಮಾರ್ಪಡಿಸಿಕೊಳ್ಳುವುದರಲ್ಲಿ ಬರುವ ತೊಡಕು. ಎರಡನೆಯದು ಕೋಲಾರ ಸೀಮೆಯಲ್ಲಿ ಕಣ್ಣಿಗೆ ಕಟ್ಟಿದಂತಿದೆ. ನಡೆಯಬಲ್ಲವನು ಮುಳಬಾಗಿಲಿನ ಹಳ್ಳಿಯಿಂದ ಜಿಲ್ಲಾ ಆಸ್ಪತ್ರೆಗೆ ಒಂದು ಬಸ್ಸಿನ ಚೀಟಿಯಲ್ಲಿ ಹೋಗಿಬರುವನು. ನಡೆಯಲಾರದವನಿಗೆ ಎರಡು ಚೀಟಿ, ಊರಿನಿಂದ ರಸ್ತೆಯವರೆಗೆ ಆಟೋರಿಕ್ಷಾ, ಜೊತೆಯಲ್ಲಿ ಬಂದ ಹೆಂಡತಿಯದೋ ಮಗನದೋ ಒಂದು ದಿನದ ಕೂಲಿಯ ನಷ್ಟ. ಒಂದೇ ರೂಪಾಯಿ ಒಬ್ಬನ ಕೈಯಲ್ಲಿ ರೂಪಾಯಿ, ಮತ್ತೊಬ್ಬನ ಕೈಯಲ್ಲಿ ಎಂಟಾಣೆ.

ಶಾಸನಗಳು ಬರಲಿಲ್ಲವೆಂದು ಹೇಳುವಂತಿಲ್ಲ. ಅಂಗವಿಕಲರ ಸಮಾನ ಅವಕಾಶಗಳಿಗಾಗಿ ೧೯೯೫ರಲ್ಲಿ ಒಂದು ಅಧಿನಿಯಮವಾಯಿತು. ಅದರ ಸ್ಥಾನದಲ್ಲಿ ೨೦೧೬ರ ಹಕ್ಕುಗಳ ಅಧಿನಿಯಮವು ಬಂದು, ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಹೆಸರಿಸಿತು. ೨೦೦೫ರ ಉದ್ಯೋಗ ಖಾತರಿ ಶಾಸನದ ಕೆಲಸಗಳಲ್ಲಿ ಕರ್ನಾಟಕ ಸರ್ಕಾರದವರು ಅಂಗವಿಕಲರಿಗೆ ಕೆಲಸದ ಅಳತೆಯಲ್ಲಿ ಅರ್ಧದ ರಿಯಾಯಿತಿಯನ್ನು ಕೊಟ್ಟು ಕೂಲಿಯನ್ನು ಪೂರ್ತಿಯಾಗಿ ಸಲ್ಲಿಸುವ ಕ್ರಮವನ್ನು ತಂದರು. ದುಡಿಯಬಲ್ಲವನು, ದುಡಿಯಲಾರದವನು ಎಂಬ ಎರಡೇ ವರ್ಗಗಳನ್ನು ಅರಿತಿದ್ದ ಕ್ಷಾಮಕಾಲದ ನೀತಿಗಿಂತ ಇದು ಎಷ್ಟೋ ಮುಂದುವರಿದುದು. ತನ್ನ ಶಕ್ತಿಗೆ ತಕ್ಕಷ್ಟು ದುಡಿಯಬಲ್ಲವನೊಬ್ಬನು ನಡುವೆ ಇದ್ದಾನೆಂದು ಇಲ್ಲಿ ಒಪ್ಪಿದಂತಾಯಿತು. ಹೆಸರುಗಳೂ ಬದಲಾದುವು: ಕುಂಟ ಕುರುಡ ಎಂಬ ಮಾತು ಹೋಗಿ ಅಂಗವಿಕಲ, ಅದೂ ಹೋಗಿ ವಿಕಲಚೇತನ ಎಂಬ ಪದ ಬಳಕೆಗೆ ಬಂದಿತು.

ಆದರೂ ಎಣಿಕೆಯ ತೊಡಕು ಉಳಿದಿದೆ. ಇಪ್ಪತ್ತೊಂದು ಬಗೆಗಳಲ್ಲಿ ಫ್ಲೋರೋಸಿಸ್ ಎಂಬ ಹೆಸರಿಲ್ಲ. ಬೆನ್ನು ಬಾಗಿದ ರೈತನು ಚಲನವೈಕಲ್ಯವೆಂಬ ವರ್ಗದಲ್ಲಿ ಸೇರಿ, ನೂರಕ್ಕೆ ನಲವತ್ತರಷ್ಟು ವೈಕಲ್ಯವಿದೆಯೆಂದು ವೈದ್ಯರಿಂದ ಪ್ರಮಾಣಪತ್ರವನ್ನು ಪಡೆದರೆ ಮಾತ್ರ ಮುಖ್ಯವಾದ ಸೌಲಭ್ಯಗಳಿಗೆ ಅರ್ಹನಾಗುವನು. ಈ ವ್ಯಾಧಿಯಾದರೋ ಒಂದೇ ದಿನ ಕಾಲು ಕಡಿದಂತೆ ಬರುವುದಲ್ಲ. ಇಪ್ಪತ್ತು ವರುಷ ಇಂಚಿಂಚಾಗಿ ಬಂದು, ನಲವತ್ತನ್ನು ಮುಟ್ಟುವ ಮೊದಲೇ ಮನುಷ್ಯನ ಕೂಲಿಯನ್ನು ಕಿತ್ತುಕೊಂಡಿರುವುದು. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು ೧೩,೨೪,೨೦೫. ದೇಶದಲ್ಲಿ ೨ ಕೋಟಿ ೬೮ ಲಕ್ಷ, ಎಂದರೆ ನೂರಕ್ಕೆ ಎರಡೂಕಾಲರಷ್ಟು. ಅದೇ ವರುಷ ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಬ್ಯಾಂಕೂ ಹೊರಡಿಸಿದ ವರದಿಯು ಜಗತ್ತಿನ ಜನರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿಗೆ ಯಾವುದಾದರೊಂದು ಬಗೆಯ ವೈಕಲ್ಯವಿದೆಯೆಂದು ಅಂದಾಜು ಮಾಡಿತು. ಈ ಎರಡು ಸಂಖ್ಯೆಗಳ ನಡುವಣ ಅಂತರವು ಭಾರತೀಯರ ಆರೋಗ್ಯವನ್ನು ಹೇಳುವುದಿಲ್ಲ. ಕೇಳಿದ ಪ್ರಶ್ನೆಯ ಇಕ್ಕಟ್ಟನ್ನು ಹೇಳುವುದು. ಅದೇ ಗಣತಿಯಲ್ಲಿ ಕೋಲಾರ ಜಿಲ್ಲೆಯ ೧೫,೩೬,೪೦೧ ಜನರಲ್ಲಿ ನೂರಕ್ಕೆ ಮೂವತ್ತು ಮಂದಿ ಪರಿಶಿಷ್ಟ ಜಾತಿಗಳವರು. ರಾಜ್ಯದ ಜಿಲ್ಲೆಗಳಲ್ಲೆಲ್ಲ ಅದೇ ಅಧಿಕ. ಭೂಮಿಯಿಲ್ಲದ, ದೇಹವೊಂದೇ ಬಂಡವಾಳವಾದ ಮನೆಗಳು ಎಲ್ಲಿ ಹೆಚ್ಚೋ, ಅಲ್ಲಿ ದೇಹ ಕೆಡುವುದರಿಂದಾಗುವ ನಷ್ಟವೂ ಹೆಚ್ಚು.

೨೦೧೮ರಲ್ಲಿ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಗಳ ಮೂಲಕ ಕೋಲಾರದ ಕೆರೆಗಳಿಗೆ ಹರಿಯಿಸಲಾಯಿತು. ಒಣಗಿದ್ದ ಕೆರೆಗಳಲ್ಲಿ ನೀರು ನಿಂತು, ಸುತ್ತಣ ಬಾವಿಗಳಲ್ಲಿ ಮಟ್ಟವೇರಿತು. ಸಂಸ್ಕಾರವು ಎರಡನೆಯ ಹಂತಕ್ಕೇ ನಿಲ್ಲದೆ ಮೂರನೆಯ ಹಂತವೂ ಆಗಬೇಕೆಂದು ಸೀಮೆಯ ಜನರು ನ್ಯಾಯಾಲಯದವರೆಗೂ ಹೋದರು. ಆ ವಿವಾದವು ಕೇವಲ ನೀರಾವರಿಯದಲ್ಲ. ಒಮ್ಮೆ ನೀರಿನ ಗುಣವನ್ನು ಕೇಳದೆ ಪ್ರಮಾಣವನ್ನು ಮಾತ್ರ ಕೇಳಿದುದರ ಫಲವನ್ನು ಬೆನ್ನಿನ ಮೇಲೆ ಹೊತ್ತಿರುವ ಸೀಮೆಯು, ಎರಡನೆಯ ಸಲ ಗುಣವನ್ನೂ ಕೇಳುತ್ತಿದೆಯೆಂದು ಅದನ್ನು ತಿಳಿಯಬೇಕು.

ಒಂದೂವರೆ ಶತಮಾನದ ಈ ವೃತ್ತಾಂತದಲ್ಲಿ ಬರ, ಗಣಿ, ಕೊಳವೆಬಾವಿ ಎಂಬ ಮೂರು ಕಾರಣಗಳು ಬೇರೆಬೇರೆಯಾಗಿ ಕಂಡರೂ ಬಿದ್ದವರು ಒಂದೇ ಮನೆಗಳವರು. ಕ್ಷಾಮದ ಅಧಿಕಾರಿಯ ನೋಟ, ಗಣಿಯ ವೈದ್ಯನ ಪರೀಕ್ಷೆ, ಪ್ರಮಾಣಪತ್ರದ ಶೇಕಡಾವಾರು, ಇವೆಲ್ಲವೂ ಮನುಷ್ಯನಲ್ಲಿ ಎಷ್ಟು ದುಡಿಮೆ ಉಳಿದಿದೆಯೆಂದು ಅಳೆದುವು. ಅವನು ದುಡಿಮೆಯನ್ನು ಕಳೆದುಕೊಂಡುದು ಹೇಗೆಂದು ಬಹಳ ತಡವಾಗಿ ಕೇಳಿದುವು. ಬಿದ್ದ ಮೇಲೆ ಕೈಹಿಡಿಯುವುದು ದಯೆ. ಬೀಳದಂತೆ ದಾರಿಯನ್ನು ಸರಿಪಡಿಸುವುದು ನ್ಯಾಯ. ಕೇರಿಯ ಕಡೆಯ ಮನೆಯ ಬಾಗಿಲಿಗೆ ಶುದ್ಧವಾದ ನೀರು ಹೊತ್ತು ತರುವವರಿಲ್ಲದೆ ತಾನಾಗಿ ಬರುವ ದಿನವನ್ನು ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯು ತನ್ನ ದೊಡ್ಡ ದಿನಗಳಲ್ಲಿ ಒಂದಾಗಿ ಬರೆದುಕೊಳ್ಳತಕ್ಕದ್ದು.